ಸೇರಿಸಿದರೆ ಇಳಿಯುವ ತೂಕ

"ಅರ್ಧ ಗಂಟೆ ಕೊಡು, ಸಾಕು! ತೂಕದ ಚೀಟಿ ತಾನಾಗೇ ಅಚ್ಚಾಗಿ ಬೀಳದಿದ್ರೆ ಕೇಳು!" ಎಂದು ಗಂಡ ಎದೆಯುಬ್ಬಿಸಿ ಘೋಷಿಸಿದ.

ಹೆಂಡತಿ ಮನೆಯಲ್ಲೇ ಸೋಪು ಮಾಡಿ ಮಾರುವವಳು. ಅಂದು ಅವಳ ಮೊದಲ ದೊಡ್ಡ ಆರ್ಡರು. ನಲವತ್ತು ಪೊಟ್ಟಣ ಒಯ್ಯಲು ಕೊರಿಯರ್ ವ್ಯಾನು ನಾಲ್ಕಕ್ಕೆ ಬರುವುದಿತ್ತು. ಗಂಡನೋ, ಆಫೀಸಿನಲ್ಲಿ ಪ್ರೋಗ್ರಾಮ್ ಬರೆಯುವ ಪ್ರಚಂಡ! ಡಿಜಿಟಲ್ ತಕ್ಕಡಿಯ ಯುಎಸ್‌ಬಿ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಪ್ರತಿ ತೂಕಕ್ಕೂ ತಕ್ಕಡಿ ಒಂದರ ಹಿಂದೊಂದು ಆರು ಸಂಖ್ಯೆ ಕಳಿಸುತ್ತಿತ್ತು. ಐದನೆಯದೇ ತೂಕವೆಂದು ಇವನು ಕಣ್ಣುಮುಚ್ಚಿ ತೀರ್ಪು ಕೊಟ್ಟ.

ಒಂದು ಸೋಪಿಟ್ಟ: ಲ್ಯಾಪ್‌ಟಾಪಿನಲ್ಲಿ ನೂರಿಪ್ಪತ್ತು ಗ್ರಾಂ. ಎರಡು: ಇನ್ನೂರ ನಲವತ್ತು. "ನೋಡಿದ್ಯಾ!" ಎನ್ನುತ್ತ ಮೂರನೆಯದನ್ನಿಟ್ಟ.

ನೂರ ನಾಲ್ಕು!

ನಾಲ್ಕಿಟ್ಟರೆ ಇನ್ನೂರ ಇಪ್ಪತ್ನಾಲ್ಕು. ಐದಿಟ್ಟರೆ ಎಂಬತ್ತೆಂಟು! ಗಂಡನ ತಲೆ ಗಿರ್ರೆಂದಿತು.

"ರೀ, ಐದು ಸೋಪು ಒಂದಕ್ಕಿಂತ ಹಗುರಾನಾ?"

"ತಕ್ಕಡಿ ಕೆಟ್ಟಿದೆ ಕಣೇ."

"ಅದರ ಮುಖದ ಮೇಲೆ ಆರುನೂರು ಅಂತ ಸರಿಯಾಗೇ ಇದೆಯಲ್ಲ?"

"ನಿನಗೊಂದು ಹೇಳುತ್ತೆ, ನನಗೊಂದು ಹೇಳುತ್ತೆ! ಎರಡು ನಾಲಿಗೆಯ ತಕ್ಕಡಿ!"

ಮೇಜಿನ ಕಾಲಡಿ ಕಾಗದ ಮಡಚಿಟ್ಟ. ಫ್ಯಾನು ನಿಲ್ಲಿಸಿದ. ಉಸಿರು ಬಿಗಿಹಿಡಿದು ನೋಡಿದ. ಎಂಬತ್ತೆಂಟು ಜಪ್ಪಯ್ಯ ಎಂದರೂ ಕದಲಲಿಲ್ಲ! ಕೊನೆಗೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಹೆಂಡತಿ ತಟ್ಟನೆ ವೈರು ಕಿತ್ತು, ತಕ್ಕಡಿಯನ್ನು ಕಂಕುಳಿಗೆ ಸೇರಿಸಿಕೊಂಡು ಒಳಗೆ ಹೋದಳು. ಇವನು ಬಂದಿದ್ದ ಆರಾರು ಸಂಖ್ಯೆಗಳನ್ನೂ ಕಾಗದದ ತುಂಬ ಬರೆದುಕೊಂಡು, ಕಣ್ಣುಕಣ್ಣು ಬಿಡುತ್ತ ಕೂತ.

ಬಹಳ ಹೊತ್ತಿನ ಮೇಲೆ ಅವಳು ತಕ್ಕಡಿ ತಂದಿಟ್ಟು ಕಾಗದದ ಮೇಲೆ ಬಗ್ಗಿದಳು.

"ಅಲ್ರೀ, ಮೂರು ಸೋಪಿಗೆ ಬರಬೇಕಾದ್ದು ಮುನ್ನೂರ ಅರವತ್ತು, ಬಂದದ್ದು ನೂರ ನಾಲ್ಕು. ಇನ್ನೂರ ಐವತ್ತಾರು ಕಮ್ಮಿ. ನಾಲ್ಕಕ್ಕೂ ಅಷ್ಟೇ ಕಮ್ಮಿ, ಐದಕ್ಕೆ ಅದರ ಎರಡರಷ್ಟು. ಈಗ ಆರನೇ ಸಂಖ್ಯೆ ನೋಡಿ. ಮೂರಕ್ಕೂ ನಾಲ್ಕಕ್ಕೂ ಒಂದು, ಐದಕ್ಕೆ ಎರಡು! ಐದನೆಯದು ಇನ್ನೂರ ಐವತ್ತಾರು ತುಂಬಿದಾಗೆಲ್ಲ ಸೊನ್ನೆಯಿಂದ ಶುರುವಾಗುತ್ತೆ; ಎಷ್ಟು ಸಲ ತುಂಬಿತು ಅಂತ ಆರನೆಯದು ಹೇಳ್ತಾ ಇದೆ, ನೀವು ಮೂಸಿಯೂ ನೋಡಿಲ್ಲ. ತಕ್ಕಡಿ ನೆಟ್ಟಗಿದೆ, ತೂಕಡಿಸ್ತಿರೋದು ನಿಮ್ಮ ಪ್ರೋಗ್ರಾಮು!"

ಗಂಡ ವೈರು ಮತ್ತೆ ಸಿಕ್ಕಿಸಿ, ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ತಿದ್ದಿದ. ಐದು ಸೋಪಿಟ್ಟ. ಆರುನೂರು!

"ಗೆದ್ದೆ! ತಾ ಪೊಟ್ಟಣಗಳನ್ನ, ನಲವತ್ತೂ ತೂಗಿಬಿಡ್ತೀನಿ!"

"ವ್ಯಾನು ಹೋಗಿ ಇಪ್ಪತ್ತು ನಿಮಿಷ ಆಯ್ತು. ತಕ್ಕಡಿ ನೋಡಿ ಕೈಯಲ್ಲೇ ಬರೆದು ಕಳಿಸಿದೆ."

ಗಂಡನ ಮುಖ ಇಂಗು ತಿಂದ ಮಂಗನಂತಾಯಿತು. "ಹಾಗಾದ್ರೆ ತೂಗೋಕೆ ಮನೇಲಿ ಏನೂ ಉಳಿದಿಲ್ವಾ?"

"ಯಾಕಿಲ್ಲ? ನಿಮ್ಮ ಮಾತಿದೆಯಲ್ಲ, ತೂಗಿ ನೋಡಿ. ಸೊನ್ನೆ ಬಂದ್ರೆ ಪ್ರೋಗ್ರಾಮ್ ಸರಿಯಾಯ್ತು ಅಂತ ಅರ್ಥ!"