ಪ್ಲೇಟಿನೊಳಗಿನ ಕೆಮ್ಮು

ಎಲ್ಲದಕ್ಕೂ ಕಾರಣ ಒಂದು ಅಡಿಕೆ ಚೂರು. ಮೂರು ವರ್ಷದ ಹಿಂದೆ ಪುಣೆಯಲ್ಲಿ ಬಾದಾಮಿ ಚಂದವ್ವನ ಹಾಡನ್ನು ಗ್ರಾಮಾಫೋನ್ ಪ್ಲೇಟಿಗೆ ತುಂಬುವಾಗ ತಬಲಾ ಬಾರಿಸುತ್ತಿದ್ದ ಇಳಕಲ್ಲಿನ ಲಾಡಸಾಬನ ಗಂಟಲಿಗೆ ಅದು ಸಿಕ್ಕಿತ್ತು. ಅವನು ಬಾರಿಸಿದ ಪ್ಲೇಟುಗಳು ನೂರಕ್ಕೂ ಹೆಚ್ಚು, ಹೆಸರು ಒಂದರ ಮೇಲೂ ಇಲ್ಲ. ಹಾಡಿದವರು ಕೊನೆಗೆ ತಮ್ಮ ಹೆಸರು ಕೂಗುವುದು ಆಗಿನ ಪದ್ಧತಿ. ಬಾರಿಸಿದವನನ್ನು ಯಾರು ಕೇಳಬೇಕು?

ಈಗ ಅವನು ಅಮೀನಗಡದ ಜಾಫರಸಾಬನ ಮಗಳು ಅಲೀಮಾಳನ್ನು ಮದುವೆಗೆ ಕೇಳಲು ಕರದಂಟು ಕಟ್ಟಿಸಿಕೊಂಡು ಬಂದಿದ್ದ.

"ನೂರು ಪ್ಲೇಟ ಅಂತೀ. ಖರೆ ಅಂತ ತೋರಸು, ಇವತ್ತ ಮಾತು ಮುಗಸೋಣು. ಸುಳ್ಳಾದ್ರ ಬಂದ ದಾರಿ ಹಿಡಿ," ಎಂದ ಜಾಫರಸಾಬ.

ನೆರೆಮನೆಯ ಶಂಕ್ರಪ್ಪ ತನ್ನ ಹಾಡುವ ಪೆಟ್ಟಿಗೆ, ಪ್ಲೇಟುಗಳನ್ನು ಹೊತ್ತು ಬಂದ. ಎದುರುಮನೆಯ ಹಕೀಮ ಇಮಾಮಹುಸೇನ ಬರಿಗೈಯಲ್ಲಿ ಬಂದ. ಇಬ್ಬರನ್ನೂ ಯಾರೂ ಕರೆದಿರಲಿಲ್ಲ. ಚಂದವ್ವನ ಪ್ಲೇಟು ತಿರುಗಿತು.

"ಈ ತಬಲಾ ನಂದರೀ!"

"ತಬಲಾ ಎಲ್ಲಾರದೂ ಒಂದ ನಮೂನಿ ಕೇಳ್ತೈತಿ," ಎಂದ ಶಂಕ್ರಪ್ಪ. ಅಷ್ಟರಲ್ಲಿ ಪೆಟ್ಟಿಗೆ "ನಾನು ಬಾದಾಮಿ ಚಂದವ್ವ!" ಎಂದು ಕೂಗಿತು. "ಕೇಳಿದಿಲ್ಲೋ? ಅಕಿ ಹೆಸರ ಐತಿ. ನಿಂದ ಎಲ್ಲೈತಿ?"

ಲಾಡಸಾಬನಿಗೆ ಅಡಿಕೆ ಚೂರು ನೆನಪಾಯಿತು. "ಇನ್ನೊಮ್ಮೆ ಚಾವಿ ಕೊಡ್ರಿ. ಎರಡನೇ ನುಡಿ ಮುಗದ ಮ್ಯಾಲ ಒಂದ ಕೆಮ್ಮು ಬರ್ತೈತಿ. ಅದು ನಂದ!"

ಎರಡನೇ ನುಡಿ ಮುಗಿಯಿತು. ಲಾಡಸಾಬ ಜೀವ ಹೋಗುವಂತೆ ಕೆಮ್ಮಿದ. ಪೆಟ್ಟಿಗೆಯೂ ಕೆಮ್ಮಿತು. ಎರಡೂ ಅವಳಿ ಮಕ್ಕಳಂತಿದ್ದವು.

"ಯಾ ಅಲ್ಲಾ, ಇಂವನ!" ಜಾಫರಸಾಬ ಹಿಗ್ಗಿ ಕರದಂಟಿನ ಪೊಟ್ಟಣ ಬಿಚ್ಚಿ, ಅಳಿಯನಾಗುವವನ ಬಾಯಿಗೆ ಒಂದು ತುಂಡು ಇಟ್ಟ. ಪರದೆಯ ಹಿಂದೆ ಬಳೆ ಸದ್ದಾಯಿತು. ಲಾಡಸಾಬನಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಹಕೀಮ ಗಡ್ಡ ನೀವಿದ. "ತಡಿ ಜಾಫರಸಾಬ. ಆ ಪ್ಲೇಟ ಯಾವಾಗಿಂದು?"

"ಮೂರು ವರ್ಷ ಆತರಿ," ಎಂದ ಲಾಡಸಾಬ ಹೆಮ್ಮೆಯಿಂದ.

"ಮೂರು ವರ್ಷದ ಕೆಮ್ಮು, ಇವತ್ತಿಗೂ ಕೂದಲೆಳಿಯಷ್ಟು ಫರಕ ಆಗಿಲ್ಲ. ಇದಕ್ಕ ಕ್ಷಯ ಅಂತಾರ."

"ಇಲ್ಲರೀ ಮಾವಾರ! ಈಗ ಕೆಮ್ಮಿದ್ದು ಬರೇ ಸುಳ್ಳ!"

"ಕೆಮ್ಮು ಸುಳ್ಳಂದ್ರ ಪ್ಲೇಟಿನ್ಯಾಗ ಇದ್ದಾಂವ ನೀನ ಅಂತ ಹೆಂಗ ನಂಬ್ಲಿ?" ಜಾಫರಸಾಬನ ಮುಖ ಗಂಟಿಕ್ಕಿತು. "ನೀ ಅಲ್ಲಂದ್ರ ಸುಳ್ಳಬುರಕ. ನೀನ ಅಂದ್ರ ರೋಗಿಷ್ಟ. ಯಾಂವ ಆಗ್ತಿ, ಹೇಳು."

ಯಾರಾದರೆ ಲೇಸೆಂದು ತಿಳಿಯದೆ ಲಾಡಸಾಬ ಬಾಯಿ ತೆರೆದ. ಬಾಯಲ್ಲಿದ್ದ ಕರದಂಟಿನ ಚೂರು ಗಂಟಲಿಗೆ ಸಿಕ್ಕಿತು. ಆಗ ಬಂದ ಕೆಮ್ಮು ಖರೇ ಕೆಮ್ಮು. ಪ್ಲೇಟಿನದಕ್ಕಿಂತಲೂ ಚೆನ್ನಾಗಿ ಬಂತು.

ಜಾಫರಸಾಬ ರುಮಾಲಿನಿಂದ ಮೂಗು ಮುಚ್ಚಿಕೊಂಡು ಬಾಗಿಲು ತೋರಿಸಿದ. ಉಳಿದ ಕರದಂಟನ್ನು, ಇದು ರೋಗಿಗೆ ಪಥ್ಯವಲ್ಲ ಎಂದು ಹಕೀಮ ತನ್ನ ಬಗಲಿಗೆ ಸೇರಿಸಿದ.