ಸರ್ವರಿಗೆ ಬಂದ ಜ್ವರ

ಪುಣೆಯ ಹಡಪಸರದ ಆ ಪಂಪ್ ವ್ಯಾಪಾರದ ಕಚೇರಿಯಲ್ಲಿ ಇದ್ದದ್ದು ಒಂದೇ ಏಸಿ. ಅದೂ ಮಾಲೀಕ ಶಿವಪುತ್ರಪ್ಪನವರ ಕ್ಯಾಬಿನ್ನಿನಲ್ಲಿ. ಹೊರಗೆ, ತಗಡಿನ ಮಾಡಿನ ಕೆಳಗೆ, ಕಂಪ್ಯೂಟರ್ ನೋಡಿಕೊಳ್ಳುವ ಸಿದ್ದಾರೂಢ ಮೇ ತಿಂಗಳಿಡೀ ಹಂಚಿನ ಮೇಲಿನ ರೊಟ್ಟಿಯಂತೆ ಎರಡೂ ಮಗ್ಗುಲು ಬೇಯುತ್ತಿದ್ದ. ಹೊರಗೂ ಒಂದು ಏಸಿ ಹಾಕಿಸಿ ಎಂದು ಕೇಳಿದರೆ ಶಿವಪುತ್ರಪ್ಪನವರದು ಒಂದೇ ಉತ್ತರ: "ಧಾರವಾಡದಾಗ ನಿಮ್ಮಪ್ಪ ಏಸಿಯೊಳಗ ಹುಟ್ಟಿದ್ದನೇನು?"

ಮನುಷ್ಯನಿಗೆ ಕೊಡದ ಏಸಿಯನ್ನು ಯಂತ್ರಕ್ಕಾದರೂ ಕೊಟ್ಟಾರು ಎಂದು ಆ ಬೆಳಗ್ಗೆ ಅವನಿಗೆ ಹೊಳೆಯಿತು. ಆರ್ಡರು, ಸ್ಟಾಕು, ಗಿರಾಕಿಗಳ ವಿಳಾಸ, ಎಲ್ಲ ಇದ್ದದ್ದು ಅವನ ಮೇಜಿನ ಪಕ್ಕದ ಸರ್ವರ್ ಎಂಬ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬರುವ ಸೀಡಿ ಹಾಕಿ ಹಾಕಿ, ಅದನ್ನು ನಡೆಸುವ ಲಿನಕ್ಸ್ ಕಲಿತವನು ಅವನು. ಲಿನಕ್ಸಿನ ಕರ್ನಲ್ ಎಂದರೆ ಮನೆಯ ಅತ್ತೆ ಇದ್ದಂತೆ. ಒಳಗೆ ಕೂತೇ ಎಲ್ಲವನ್ನೂ ನಡೆಸುತ್ತದೆ. ಶಾಖ ಎಷ್ಟಾಯಿತೆಂದು ಸೆನ್ಸರು ಅದಕ್ಕೆ ಚಾಡಿ ಹೇಳುತ್ತಿರುತ್ತದೆ. ಬರೆದಿಟ್ಟ ಮಿತಿ ದಾಟಿತೋ, ಬೀಪ್ ಬೀಪ್ ಎಂದು ಕೂಗಾಟ. ಮಿತಿ ಅರವತ್ತೈದು ಡಿಗ್ರಿ ಇತ್ತು. ಸಿದ್ದಾರೂಢ ಆಚೀಚೆ ನೋಡಿ ನಲವತ್ತು ಎಂದು ಬರೆದ. ಬಂದ್ ಮಾಡಿ ಹಚ್ಚಿದರೂ ಅಳಿಯದಂತೆ ಬರೆದ, ಜಾಣನಲ್ಲವೆ!

ಐವತ್ತರಲ್ಲಿ ಸುಖವಾಗಿದ್ದ ಯಂತ್ರ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಒದರತೊಡಗಿತು.

ಮೊದಲು ಓಡಿಬಂದವರು ಲೆಕ್ಕ ನೋಡುವ ಗಂಗೂಬಾಯಿ. "ಏ ಸಿದ್ದಾ, ಯಾಕ ಹಿಂಗ ಒದರಲಿಕ್ಕತ್ತದೋ ಇದು?"

"ಜ್ವರಾ ಬಂದದ್ರಿ ಬಾಯಿ. ತಂಪು ಗಾಳಿ ಬೇಕು ಇದಕ್ಕ. ಏಸಿ ಗಾಳಿ!" ಕೊನೆಯ ಮಾತನ್ನು ಕ್ಯಾಬಿನ್ನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಅಯ್ಯ, ಜಡ್ಡಾದದ್ದರ ಬಾಜೂಕ ಕೂತು ಫ್ಯಾನಿನ ಗಾಳಿ ನೀ ತಗೊಳ್ಳಿಕ್ಕತ್ತಿ? ನಾಚಿಕಿ ಬರಂಗಿಲ್ಲೇನು?"

ಅವನ ಟೇಬಲ್ ಫ್ಯಾನು ಯಂತ್ರದ ಕಡೆ ತಿರುಗಿತು.

ಅಷ್ಟರಲ್ಲಿ ಮಾರಾಟದ ಬಸವಪ್ರಭು ಬಂದ. "ನಮ್ಮ ಇಂದಾಪುರದ ಗಿರಾಕಿಗಳು ಮೋಟರ್ ಕಾದ್ರ ಹಸಿ ಗೋಣಿಚೀಲ ಹಾಕ್ತಾರ ನೋಡು," ಎನ್ನುತ್ತ ಸಿದ್ದಾರೂಢನ ಟವೆಲ್ಲನ್ನೇ ನೀರಲ್ಲಿ ಅದ್ದಿ ತಂದ.

"ನೀರು ಹೋದ್ರ ಸತ್ತ ಹೋಗ್ತದೋ ಮಾರಾಯಾ!" ಸಿದ್ದಾರೂಢ ಹಾರಿ ಕಸಿದುಕೊಂಡ. ಯಂತ್ರ ಉಳಿಯಿತು, ಅವನ ಪ್ಯಾಂಟು ನೆನೆಯಿತು. ತಿರುಗಿ ನೋಡಿದರೆ ಮೇಜಿನ ಮೇಲಿದ್ದ ಅವನ ಮಠ್ಠಾ ಮಜ್ಜಿಗೆಯ ಗ್ಲಾಸು ಗಂಗೂಬಾಯಿಯ ಕೈಯಲ್ಲಿ ಖಾಲಿ. "ಗಾಬರಿ ಆತೋ, ಕುಡದಬಿಟ್ಟೆ," ಎಂದರು.

ತಂಪು ಹುಡುಕಲು ಹೊರಟವನು ಫ್ಯಾನು, ಟವೆಲ್ಲು, ಮಠ್ಠಾ ಎಲ್ಲ ಕಳೆದುಕೊಂಡು ಕೂತ. ತನ್ನ ತಲೆಗೊಂದು ಸೆನ್ಸರಿದ್ದರೆ ಅದರ ಕೂಗು ಊರ ಆಚೆ ತುದಿಯ ಯೆರವಡಾದ ತನಕ ಕೇಳುತ್ತಿತ್ತು ಅನ್ನಿಸಿತು. ಸೆನ್ಸರಿರಲಿ, ತಲೆ ಇದ್ದಿದ್ದರೂ ಸಾಕಿತ್ತು.

ಕೊನೆಗೂ ಕ್ಯಾಬಿನ್ನಿನ ಬಾಗಿಲು ತೆರೆಯಿತು. "ಇದು ಸುಟ್ಟರ ನನ್ನ ಧಂದೆನ ಸುಟ್ಟಂಗ. ಏನು ಬೇಕು ಇದಕ್ಕ?"

"ಏಸಿ ಬೇಕ್ರಿ ಸಾಹುಕಾರ್ರ," ಎಂದ ಸಿದ್ದಾರೂಢ, ದೀಪಾವಳಿಗೆ ಬಂದ ಹೊಸ ಅಳಿಯನ ಸಂಕೋಚದಿಂದ.

ಶಿವಪುತ್ರಪ್ಪನವರು ಯಂತ್ರದ ನೆತ್ತಿ ಸವರಿದರು. "ಕೊಟ್ಟೆ! ಎತ್ರಿ ಇದನ್ನ, ನನ್ನ ಕ್ಯಾಬಿನ್ನಿನಾಗ ಇಡ್ರಿ."

"ಮತ್ತ ನೀವು?"

"ಅಲ್ಲಿ ಇಬ್ಬರಿಗೆ ಜಾಗಾ ಎಲ್ಲದ? ನಾನೇನು, ನಿನ್ನ ಎದುರಿಗೇ ಕೂಡ್ತೀನಿ. ಧಂದೆ ಸಲುವಾಗಿ ಇಷ್ಟೂ ತ್ರಾಸ ತಗೋಬಾರದೇನು?"

ಒಳಗೆ ಹೋದ ಮೇಲೂ ಯಂತ್ರ ಕೂಗುತ್ತಲೇ ಇತ್ತು. "ಇನ್ನೂ ಇಳದಿಲ್ಲೇನೋ ಜ್ವರಾ?" ಎಂದು ಸಾಹುಕಾರರು ಏಸಿಯನ್ನು ಮತ್ತಷ್ಟು ತಂಪು ಮಾಡಿ ಬಂದು, ಕುರ್ಚಿ ಎಳೆದು, ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಪುಣೆಯ ಅಂಗಡಿಗಳೆಲ್ಲ ಬಾಗಿಲೆಳೆದು ಮಲಗುವ ಮಧ್ಯಾಹ್ನ, ಮಾನಿಟರಿನ ಹಿಂದೆ ಸಿದ್ದಾರೂಢನೂ ದಿನಾ ಕದ್ದು ತೂಕಡಿಸುತ್ತಿದ್ದ. ಆ ಸುಖವೂ ಹೋಯಿತು.

ಇನ್ನು ತಡೆಯಲಾರದೆ ತನ್ನ ಮೇಜಿನಿಂದಲೇ ನೆಟ್‌ವರ್ಕಿನಲ್ಲಿ ಸರ್ವರಿನೊಳಕ್ಕೆ ಹೊಕ್ಕು, ಮಿತಿಯನ್ನು ಮೊದಲಿನಂತೆ ಅರವತ್ತೈದು ಮಾಡಿದ. ಕೂಗು ಪಟ್ಟನೆ ನಿಂತಿತು.

"ಆರಾಮಾತ್ರಿ ಸಾಹುಕಾರ್ರ! ಇನ್ನ ಎಂದೂ ಒದರಂಗಿಲ್ಲ. ಇದನ್ನ ಹೊರಗ ತರತೀನಿ, ನೀವು ಒಳಗ ಹೋಗ್ರಿ."

ಶಿವಪುತ್ರಪ್ಪನವರು ಕಿವಿಗೊಟ್ಟು ಆಲಿಸಿದರು. ಮುಖ ಅರಳಿತು. "ಹುಚ್ಚಾ! ಯಾವ ಗಾಳಿಗೆ ಜ್ವರಾ ಬಿಟ್ಟದೋ ಆ ಗಾಳಿ ಬಿಡಸ್ತಾರೇನು? ಕಾಯಂ ಅಲ್ಲೇ ಇರಲಿ ಅದು."

ಆಮೇಲೆ ಆಕಳಿಸಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಈ ಫ್ಯಾನು ಬರೇ ಝಳಾ ಒಗಿತದೋ ಸಿದ್ದಾರೂಢ. ಆ ಪಂಪಿನ ಡಬ್ಬಿ ರಟ್ಟು ತಗೊಂಡು ಸ್ವಲ್ಪ ಬೀಸು. ನಾ ಏಳೂತನಕ."