ಸ್ವಲ್ಪ ಬೆಳಕಿಗೆ ಬರ್ರಿ

ಜೇವರ್ಗಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಫೋಟೋ ತೆಗೆಯುವವಳು ಹೆಣ್ಣುಮಗಳು ಅಂದಕೂಡಲೇ ಜನ ನನ್ನನ್ನು ಅಂಗಳ, ಪಡಸಾಲೆ ದಾಟಿಸಿ ಸೀದಾ ಒಳಕೋಣೆಗೇ ಕರೆದೊಯ್ಯುತ್ತಾರೆ. ಅಲ್ಲಿ ಮರ್ಯಾದೆ, ಚಹಾ, ಮಾತು ಎಲ್ಲ ಬೇಕಾದಷ್ಟು ಇರುತ್ತದೆ, ಬೆಳಕೊಂದೇ ಇರುವುದಿಲ್ಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ.

ಅಲುಗಾಡದ ಆಯಿ

ಆಳಂದದ ಒಂದು ಹಳೇ ಮನೆ. ಗೋಡೆ ದಪ್ಪ, ಕಿಟಕಿ ಅಂಗೈಯಗಲ. ಆ ಮನೆಯ ಅಜ್ಜಿಯ ಫೋಟೋ ತೆಗೆಯಬೇಕಿತ್ತು. ಫ್ಲ್ಯಾಶ್ ಹೊಡೆದರೆ ಅಜ್ಜಿ ಕಣ್ಣು ಮುಚ್ಚುತ್ತಿದ್ದಳು. ಇದ್ದ ಬೆಳಕಿನಲ್ಲೇ ತೆಗೆಯೋಣವೆಂದು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, "ಆಯಿ, ಸ್ವಲ್ಪಾನೂ ಅಲುಗಾಡಬ್ಯಾಡ್ರಿ, ಮಾತಾಡಬ್ಯಾಡ್ರಿ. ಮಾರಿ ಮಸುಕಾಗ್ತದ" ಎಂದೆ.

ಅಲ್ಲಿತನಕ ಸೊಸೆಯನ್ನು ಒಂದೇ ಸಮನೆ ಬೈಯುತ್ತಿದ್ದ ಆಯಿ ಕಲ್ಲಿನ ಹಾಗೆ ಕೂತಳು. ಫೋಟೋ ಚಂದ ಬಂತು. ಬ್ಯಾಗು ಕಟ್ಟಿಕೊಂಡು ಅಡುಗೆಮನೆ ಬಾಗಿಲಲ್ಲಿ ಚಹಾ ಕುಡಿಯುತ್ತ ತಿರುಗಿ ನೋಡುತ್ತೇನೆ, ಆಯಿ ಇನ್ನೂ ಹಾಗೇ ಕೂತಿದ್ದಾಳೆ!

"ಅಯ್ಯ, ಫೋಟೋ ಆಯ್ತು ಅಂತ ಆಯಿಗೆ ಹೇಳೇ ಇಲ್ಲ" ಎಂದು ಎದ್ದೆ. ಸೊಸೆ ನನ್ನ ಸೆರಗು ಹಿಡಿದು ಕೂರಿಸಿದಳು. ಮೆಲ್ಲಗೆ ಅಂದಳು: "ಗಡಿಬಿಡಿ ಏನದ ಅಕ್ಕಾ? ಇನ್ನೊಂದು ಕಪ್ ಚಹಾ ಕುಡೀರಿ."

ಚಾಚಾನ ಜುಬ್ಬಾ

ಇದು ನಮ್ಮ ಜೇವರ್ಗಿಯದೇ. ಮುಸ್ಲಿಂ ಕುಟುಂಬವೊಂದರ ಮದುಮಗಳನ್ನು ಕಿಟಕಿ ಪಕ್ಕ ಕೂರಿಸಿದ್ದೆ. ಬಲಗಲ್ಲಕ್ಕೆ ಬೆಳಕು, ಎಡಗಲ್ಲ ಪೂರಾ ಕತ್ತಲು. ಕಿಟಕಿಯ ಬೆಳಕನ್ನು ಆ ಗಲ್ಲಕ್ಕೆ ತಿರುಗಿಸಲು ಬಿಳಿ ಚಾದರ ಕೇಳಿದರೆ ಮನೆಯಲ್ಲಿದ್ದವೆಲ್ಲ ಹೂವಿನ ಚಾದರ. ಅಷ್ಟರಲ್ಲಿ ಹುಡುಗಿಯ ಚಾಚಾ ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ಬಂದರು.

"ಚಾಚಾ, ಇಲ್ಲಿ ನಿಂತು ಎರಡೂ ಕೈ ಅಗಲ ಮಾಡ್ರಿ."

ತಮ್ಮ ಫೋಟೋನೂ ಬರುತ್ತದೆಂದು ಅವರು ಗಡ್ಡ ಬಾಚಿಕೊಂಡು ನಿಂತರು. ಆಲ್ಬಂ ಬಂದಾಗ ಹಾಳೆ ಹಾಳೆ ಹುಡುಕಿ, "ನಾ ಎಲ್ಲಿ ಹೋದೆ?" ಎಂದು ಕೇಳಿದರು. ಅವರ ಮುಖ ನೋಡಿ ನನಗೇ ಕೆಡುಕೆನಿಸಿತು. "ನಿಮ್ಮ ಜುಬ್ಬಾಕ್ಕ ಬಡಿದ ಬೆಳಕೇ ರೀ ಹುಡುಗಿ ಮಾರಿ ಮ್ಯಾಲ ಬಿದ್ದದ್ದು" ಎಂದು ತಿಳಿಸಿ ಹೇಳಿದೆ.

ಚಾಚಾ ಒಪ್ಪಿದರು. ಈಗ ಮನೆಗೆ ಬಂದವರಿಗೆಲ್ಲ ಆಲ್ಬಂ ಬಿಚ್ಚಿ ಬೆರಳಿಟ್ಟು ತೋರಿಸುತ್ತಾರೆ: "ಈ ಎಡಗಲ್ಲ ನೋಡ್ರಿ, ಇದು ನಾನೇ."

ಕರೆಂಟು ಹೋದಾಗ

ಅಫಜಲಪುರದಲ್ಲಿ ಒಂದು ನಿಶ್ಚಿತಾರ್ಥ. ವರನ ತಂದೆ, ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಲಾಡು ತಂದವರಿಗೆಲ್ಲ ಇಬ್ಬರೂ ಕೈಮುಗಿದು, "ನಮಗ ಸಿಹಿ ನಡೆಂಗಿಲ್ರಿ" ಎನ್ನುತ್ತಿದ್ದರು. ನಡುವೆ ಕರೆಂಟು ಹೋಯಿತು. ಫ್ಲ್ಯಾಶ್ ಸರಿಯಿದೆಯೋ ಇಲ್ಲವೋ ಎಂದು ಕತ್ತಲಲ್ಲಿ ಸುಮ್ಮನೆ ಒಂದು ಹೊಡೆದೆ.

ಮುಂದೆ ಆಲ್ಬಮ್ಮಿಗೆ ಫೋಟೋ ಆರಿಸಲು ವರನ ತಂದೆ ತಾಯಿಯೇ ಸ್ಟುಡಿಯೋಗೆ ಬಂದರು. ಕಂಪ್ಯೂಟರಿನಲ್ಲಿ ಒಂದೊಂದೇ ತೋರಿಸುತ್ತಿದ್ದಾಗ ಕತ್ತಲಲ್ಲಿ ಹೊಡೆದ ಆ ಫೋಟೋ ಬಂತು. ಯಜಮಾನರ ಬಾಯಿ ತುಂಬ ಲಾಡು, ಕೈಯಲ್ಲಿ ಇನ್ನೊಂದು.

ಹೆಂಡತಿ ಸಿಡಿದೆದ್ದರು. "ಡಾಕ್ಟ್ರು ಹೇಳಿದ್ದು ನೆಪ್ಪದೇನು? ಜೀವದ ಆಸೆ ಇಲ್ಲೇನು ನಿಮಗ?"

"ಒಂದೇ ತಿಂದೀನಿ ಬೇ" ಎಂದರು ಯಜಮಾನರು, ತಲೆ ತಗ್ಗಿಸಿ.

"ಸುಳ್ಳು! ಮೇಡಂ, ಹಿಂದೆಲ್ಲ ಕತ್ತಲಾಗ್ಯಾದ. ಜರಾ ಬೆಳಕು ಮಾಡ್ರಿ, ತಾಟಿನಾಗ ಎಷ್ಟು ಉಳಿದಾವ ನೋಡೇ ಬಿಡ್ತೇನಿ."

ನಾನು ಬೆಳಕು ಏರಿಸುತ್ತ ಹೋದೆ. ಯಜಮಾನರ ಹಿಂದಿದ್ದ ಕತ್ತಲು ನಿಧಾನವಾಗಿ ತಿಳಿಯಾಯಿತು. ಮೊದಲು ತಾಟು ಕಂಡಿತು. ಆಮೇಲೆ ತಾಟಿನೊಳಗೊಂದು ಹಸಿರು ಬಳೆಯ ಕೈ. ಅದರ ಮೇಲೆ, ಎರಡೂ ಗಲ್ಲ ಉಬ್ಬಿಸಿಕೊಂಡ ಈ ತಾಯಿಯ ಮುಖ!

ಆಕೆ ಸೆರಗು ಸರಿಮಾಡಿಕೊಂಡು, ಬಹಳ ಶಾಂತವಾಗಿ ಅಂದರು:

"ಮೊದಲಿನಂಗ ಕತ್ತಲ ಮಾಡಿಬಿಡ್ರಿ."